ಕಬ್ಬನ್ ಪಾರ್ಕಿನ ‘ಕಬ್ಬನ್’ ಎಲ್ಲಿಯ ಹೆಸರು, ಅದಕ್ಕೆ ಅರ್ಥ ಏನು?

ಕಬ್ಬನ್ ಅನ್ನುವ ಇಂಗ್ಲಿಷ್ ಸರ್‌ನೇಮ್ ಎಲ್ಲಿಂದ ಬಂತು, ಅದಕ್ಕೆ ಅರ್ಥ ಏನಾದರೂ ಇದೆಯಾ, ಇಂಗ್ಲೆಂಡಿನಲ್ಲಿ ಆ ಹೆಸರಿನವರು ಜಾಸ್ತಿ ಇದ್ದಾರಾ ಅಂತ ಕೇಳಿದ್ದೀರಿ. ಮೊದಲಿಗೆ ಒಂದು ತಿದ್ದುಪಡಿ: ಅದು ಇಂಗ್ಲಿಷ್ ಹೆಸರೇ ಅಲ್ಲ.

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನಗೂ ಇದು ತುಂಬಾ ದಿನ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ನಮ್ಮ ಸೋದರತ್ತೆ “ಅಲ್ಲಿ ಮೊದಲು ಕಬ್ಬಿನ ಗದ್ದೆ ಇತ್ತು ಕಣೋ, ಅದಕ್ಕೇ ಕಬ್ಬನ್ ಪಾರ್ಕು” ಅಂದಿದ್ದರು. ಹೈಸ್ಕೂಲಿಗೆ ಬರುವ ತನಕ ಅದನ್ನೇ ನಂಬಿದ್ದೆ. ಕಬ್ಬನ್‌ಪೇಟೆಗೂ ಅದೇ ಲೆಕ್ಕ ಹಾಕಿಕೊಂಡಿದ್ದೆ, ಗದ್ದೆಯಲ್ಲಿ ಕಡಿದ ಕಬ್ಬನ್ನು ಗಾಡಿಯಲ್ಲಿ ಹಾಕಿಕೊಂಡು ಬಂದು ಆ ಪೇಟೆಯಲ್ಲಿ ಮಾರುತ್ತಿದ್ದರು ಅಂತ. ಎರಡೂ ಸುಳ್ಳು. ಎರಡಕ್ಕೂ ಹೆಸರು ಬಂದದ್ದು ಮಾರ್ಕ್ ಕಬ್ಬನ್ ಅನ್ನುವ ಒಬ್ಬರೇ ಅಧಿಕಾರಿಯಿಂದ.

ಈ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವರು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಚಿಕ್ಕ ದ್ವೀಪ ಅದು, ವಿಸ್ತೀರ್ಣ 572 ಚದರ ಕಿಲೋಮೀಟರ್, 2021ರ ಜನಗಣತಿ ಪ್ರಕಾರ ಜನ ಸುಮಾರು 84 ಸಾವಿರ. ಬ್ರಿಟಿಷ್ ರಾಜಮನೆತನದ ಕೆಳಗೆ ಇದೆ, ಆದರೆ ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ. ಟಿನ್ವಾಲ್ಡ್ ಅಂತ ಅವರದ್ದೇ ಪಾರ್ಲಿಮೆಂಟ್ ಇದೆ. ಅವರಿಗೆ ಅವರದ್ದೇ ಭಾಷೆಯೂ ಇತ್ತು, ಮ್ಯಾಂಕ್ಸ್ ಅಂತ, ಐರಿಷ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್‌ಗೆ ದಾಯಾದಿ ಭಾಷೆ. ಮನೆಯಲ್ಲಿ ಹುಟ್ಟಿನಿಂದ ಅದನ್ನು ಕಲಿತವರಲ್ಲಿ ಕೊನೆಯವರಾದ ನೆಡ್ ಮ್ಯಾಡ್ರೆಲ್ ಅನ್ನುವ ಮೀನುಗಾರ 1974ರಲ್ಲಿ ತೀರಿಹೋದರು. ಆಮೇಲೆ ಆಸಕ್ತಿ ಇದ್ದವರು ಶಾಲೆಗಳಲ್ಲಿ ಮತ್ತೆ ಕಲಿಸಲು ಶುರು ಮಾಡಿದ್ದಾರೆ, ಅದೇ ಬೇರೆ ಕಥೆ. ಕಬ್ಬನ್ ಅನ್ನುವ ಹೆಸರು ಈ ಭಾಷೆಯ ಬಾಯಲ್ಲಿ ಸವೆದು ತಯಾರಾದದ್ದು.

ಅದರ ಹಳೆಯ ರೂಪ ಮ್ಯಾಕ್ ಗಿಬ್ಬನ್. ಮ್ಯಾಕ್ ಅಂದರೆ ಮಗ, ಅಷ್ಟು ಎಲ್ಲರಿಗೂ ಗೊತ್ತು. ಅಂದರೆ ‘ಗಿಬ್ಬನ್‌ನ ಮಗ’. ಹಾಗಾದರೆ ಈ ಗಿಬ್ಬನ್ ಯಾರು? ಗಿಬ್ಬನ್ ಅನ್ನುವ ಬಾಲವಿಲ್ಲದ ವಾನರ ಅಂತೂ ಅಲ್ಲ, ಆ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ. ಗಿಲ್ಬರ್ಟ್ ಅನ್ನುವ ಹೆಸರನ್ನು ಮುದ್ದಿಗೆ ಗಿಬ್ ಅಂತ ಕರೆಯುತ್ತಿದ್ದರು. ನಾವು ಕೃಷ್ಣನನ್ನು ಕಿಟ್ಟಿ ಮಾಡುವುದಿಲ್ಲವಾ, ಸುಬ್ರಹ್ಮಣ್ಯನನ್ನು ಸುಬ್ಬ ಮಾಡುವುದಿಲ್ಲವಾ, ಹಾಗೇ. ಬಾಯಿಗೆ ಕಷ್ಟವಾಗುವ ಅಕ್ಷರ ಎಲ್ಲಾ ಬಿಟ್ಟುಹೋಗಿ ಒಂದು ಒತ್ತಕ್ಷರ ಉಳಿಯುತ್ತದೆ. ಆ ಗಿಬ್‌ಗೆ ಫ್ರೆಂಚ್ ಕಡೆಯ ‘ಅನ್’ ಬಾಲ ಸೇರಿಸಿದರೆ ಗಿಬ್ಬನ್, ಅಂದರೆ ಪುಟ್ಟ ಗಿಬ್. ಗಿಲ್ಬರ್ಟ್ ಜರ್ಮನ್ ಮೂಲದ ಹೆಸರು. ಅದರಲ್ಲಿ ಎರಡು ಪದ ಇವೆ, ಒಂದಕ್ಕೆ ಒತ್ತೆ ಅಥವಾ ಒತ್ತೆಯಾಳು ಅಂತ ಅರ್ಥ, ಇನ್ನೊಂದಕ್ಕೆ ಹೊಳೆಯುವ ಅಂತ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಜೊತೆ ಅದು ಆ ಕಡೆಯ ಸೀಮೆಗಳಲ್ಲಿ ಹರಡಿತು.

ಹೀಗಾಗಿ ಅರ್ಥದಲ್ಲಿ ನೋಡಿದರೆ ಕಬ್ಬನ್ ಮತ್ತು ಗಿಬ್ಸನ್ ಹೆಚ್ಚುಕಡಿಮೆ ಒಂದೇ. ಇಂಗ್ಲಿಷಿನವರು ‘ಮಗ’ನನ್ನು ಹಿಂದೆ ಅಂಟಿಸಿದರು, ಇವರು ಮುಂದೆ ಅಂಟಿಸಿದರು. ಬೀ ಜೀಸ್ ಬ್ಯಾಂಡಿನ ಅಣ್ಣತಮ್ಮಂದಿರ ಸರ್‌ನೇಮ್ ಗಿಬ್ ಅಲ್ವಾ, ಅದೂ ಇದೇ ಗಿಲ್ಬರ್ಟ್. ಇನ್ನೊಂದು ಮಜಾ ಅಂದರೆ ಅವರು ಮೂವರೂ ಹುಟ್ಟಿದ್ದು ಐಲ್ ಆಫ್ ಮ್ಯಾನ್‌ನ ಡಗ್ಲಸ್ ಊರಿನಲ್ಲೇ. ಅವರ ಅಪ್ಪ ಅಮ್ಮ ಇಂಗ್ಲೆಂಡಿನಿಂದ ಬಂದವರು, ಹಾಗಾಗಿ ಆ ಹೆಸರು ದ್ವೀಪದ್ದಲ್ಲ, ಸುಮ್ನೆ ಒಂದು ಕಾಕತಾಳೀಯ.

ಸರಿ, ಮ್ಯಾಕ್ ಗಿಬ್ಬನ್ ಇದ್ದದ್ದು ಕಬ್ಬನ್ ಹೇಗಾಯಿತು? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಮ್ಯಾಕ್ ಗಿಬ್ಬನ್, ಮ್ಯಾಕ್ ಗಿಬ್ಬನ್ ಅಂತ ಹತ್ತು ಸಲ ಜೋರಾಗಿ ಓಡಿಸಿ ಹೇಳಿ ನೋಡಿ. ಒತ್ತು ಬೀಳುವುದು ಗಿಬ್ಬನ್ ಮೇಲೆ, ಹಾಗಾಗಿ ಮುಂದಿನ ‘ಮ್ಯಾ’ ನುಂಗಿಹೋಗುತ್ತದೆ, ಕೊನೆಯ ‘ಕ್’ ಮಾತ್ರ ಉಳಿದು ಪಕ್ಕದ ‘ಗ’ವನ್ನು ತಿಂದುಹಾಕುತ್ತದೆ. ದ್ವೀಪದ ಹಳೆಯ ಕಂದಾಯದ ಕಡತಗಳು 1511ರಿಂದ ಸಿಗುತ್ತವೆ, ಅವುಗಳಲ್ಲಿ ಎಲ್ಲಿ ನೋಡಿದರೂ ಮ್ಯಾಕ್. ನೂರು ವರ್ಷ ಕಳೆದು 1600ರ ಶುರುವಿಗೆ ಬಂದರೆ ಮ್ಯಾಕ್ ಹೆಚ್ಚುಕಡಿಮೆ ಮಾಯ.

ಇದು ಕಬ್ಬನ್ ಒಬ್ಬರ ಕಥೆ ಅಲ್ಲ, ಇಡೀ ದ್ವೀಪದ್ದು. ಅಲ್ಲಿಯ ಹಳೆಯ ಮನೆತನಗಳ ಹೆಸರುಗಳಲ್ಲಿ ಅರ್ಧಕ್ಕರ್ಧ ಸಿ, ಕೆ, ಇಲ್ಲವೇ ಕ್ಯೂ ಅಕ್ಷರದಿಂದ ಶುರುವಾಗುತ್ತವೆ ಅನ್ನಿಸುವುದು ಇದರಿಂದಲೇ. ಮ್ಯಾಕ್ ಐಸಾಕ್ ಕಿಸ್ಸಾಕ್ ಆಯಿತು. ಮ್ಯಾಕ್ ಆಸ್ಟಿನ್ ಕಾಸ್ಟೇನ್ ಆಯಿತು. ಮ್ಯಾಕ್ ಅಲಿಸ್ಟರ್ ಕ್ಯಾಲಿಸ್ಟರ್ ಆಯಿತು. ಪಾಲ್‌ನ ಮಗ ಕ್ವೇಲ್ ಆದ, ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಮನೆತನದ ಬೇರು ಇದೇ ದ್ವೀಪದ್ದು. ವೈದ್ಯನ ಮಗ ಕ್ಲೇಗ್. ಒಂದು ಸಲ ಈ ಸೂತ್ರ ಗೊತ್ತಾದ ಮೇಲೆ ಅಲ್ಲಿಯ ಯಾವ ಹೆಸರು ಕಂಡರೂ ಮುಂದೆ ಒಂದು ‘ಮ್ಯಾ’ ಹಾಕಿ ನೋಡುವ ಚಟ ಹತ್ತುತ್ತದೆ, ನನಗಂತೂ ಹತ್ತಿದೆ.

ಎಷ್ಟು ಜನ ಇದ್ದಾರೆ ಅನ್ನುವ ಪ್ರಶ್ನೆಗೆ ಉತ್ತರ ಚಿಕ್ಕದು: ಕಡಿಮೆ. ದ್ವೀಪದಲ್ಲಿ ಇದು ಪರಿಚಯದ ಹೆಸರು, ಹೊರಗೆ ಅಪರೂಪ. ಅಲ್ಲಿಯ ಮ್ಯಾಂಕ್ಸ್ ಮ್ಯೂಸಿಯಮ್‌ನ ಎರಡನೆಯ ನಿರ್ದೇಶಕರ ಹೆಸರು ವಿಲಿಯಂ ಕಬ್ಬನ್. (ಮೊದಲನೆಯವರು ಕೆರ್ಮೋಡ್, ಅದೂ ಡರ್ಮಟ್‌ನ ಮಗ, ಅದೇ ಕಥೆ.) ಕೆಲಸ ಹುಡುಕಿಕೊಂಡು ದ್ವೀಪದವರು ಎದುರು ದಡದ ಲಿವರ್‌ಪೂಲ್‌ಗೆ ಹೋದರು, 1820ರ ದಶಕದಿಂದ ಅಮೆರಿಕದ ಓಹಾಯೋ ಕಡೆಗೂ ಹೋದರು. ಇಂಥ ಹೆಸರುಗಳು ಆ ದಾರಿಗುಂಟ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಬರೀ ‘ಇಂಗ್ಲೆಂಡ್’ ಅಂತ ಹುಡುಕಿದರೆ ನಿಮಗೆ ಜಾಸ್ತಿ ಏನೂ ಸಿಗುವುದಿಲ್ಲ.

ಇನ್ನು ನಮ್ಮ ಕಬ್ಬನ್. ಅವರ ಅಪ್ಪ ದ್ವೀಪದ ಈಶಾನ್ಯಕ್ಕಿರುವ ಮ್ಯಾಕಲ್ಡ್ ಊರಿನ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದವರು, ಆಮೇಲೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್. 1815ರಲ್ಲಿ ನೆಪೋಲಿಯನ್‌ನನ್ನು ಅಲ್ಲಿಗೆ ಸೆರೆ ತಂದಾಗ ಕುರ್ಚಿಯಲ್ಲಿದ್ದವರು ಇವರೇ. ಸೋದರಳಿಯ ಕಬ್ಬನ್ 1800ರಲ್ಲಿ ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದರು, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿ ಬೆಂಗಳೂರಿನಲ್ಲಿ ಕೂತು ರಾಜ್ಯ ನಡೆಸಿದರು. ಮದುವೆ ಆಗಲಿಲ್ಲ. ಹಾಗಾಗಿ ಇಲ್ಲಿ ಆ ಸರ್‌ನೇಮ್ ಹೊತ್ತ ಅವರ ಮಕ್ಕಳು ಮೊಮ್ಮಕ್ಕಳು ಅಂತ ಯಾರೂ ಉಳಿಯಲಿಲ್ಲ, ಜಾಗಗಳು ಉಳಿದವು.

ಪಾರ್ಕ್ ಕೂಡ ಅವರು ಮಾಡಿಸಿದ್ದಲ್ಲ. ಅವರು ಹೋಗಿ ಒಂಬತ್ತು ವರ್ಷಕ್ಕೆ, 1870ರಲ್ಲಿ, ಮುಖ್ಯ ಎಂಜಿನಿಯರ್ ಸ್ಯಾಂಕಿ ಅದನ್ನು ಶುರು ಮಾಡಿದಾಗ ಇಟ್ಟ ಹೆಸರು ಮೀಡ್ಸ್ ಪಾರ್ಕ್, ಆಗಿನ ಹಂಗಾಮಿ ಕಮಿಷನರ್ ಹೆಸರು ಅದು. ಆಮೇಲೆ ಕಬ್ಬನ್ ಆಯಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಅಧಿಕೃತವಾಗಿ ಬದಲಾಯಿಸಿದರು. ಆಟೋದವರಿಗೆ “ಚಾಮರಾಜೇಂದ್ರ ಉದ್ಯಾನಕ್ಕೆ ಬಿಡಿ” ಅಂದು ನೋಡಿ, ಏನಾಗುತ್ತೆ ಅಂತ. ಮೆಟ್ರೋ ಸ್ಟೇಷನ್ನಿಗೂ ಕಬ್ಬನ್ ಪಾರ್ಕ್ ಅಂತಲೇ ಹೆಸರು. ದ್ವೀಪದವರೆಲ್ಲ ಸೇರಿ ಒಂದು ದಿನದಲ್ಲಿ ಆ ಹೆಸರನ್ನು ಎಷ್ಟು ಸಲ ಹೇಳುತ್ತಾರೋ, ಬೆಂಗಳೂರಿನವರು ಬೆಳಗ್ಗೆ ವಾಕಿಂಗ್ ಮುಗಿಸುವುದರೊಳಗೆ ಅದಕ್ಕಿಂತ ಜಾಸ್ತಿ ಹೇಳಿರುತ್ತಾರೆ ಅಂತ ನಾನು ಬೆಟ್ ಕಟ್ಟುತ್ತೇನೆ.

ಅವರ ಪ್ರತಿಮೆ ಹೈಕೋರ್ಟ್ ಎದುರಿಗೆ ಇತ್ತು, 2020ರಲ್ಲಿ ಪಾರ್ಕಿನ ಒಳಗೆ ಸಾಗಿಸಿದರು. ಅವರು ಮಾತ್ರ ಇಲ್ಲಿ ಇಲ್ಲ. 1861ರಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಹೋದರು, ಹೆಣವನ್ನು ದ್ವೀಪಕ್ಕೆ ತಂದು ಮ್ಯಾಕಲ್ಡ್‌ನಲ್ಲಿ ಮಣ್ಣು ಮಾಡಿದರು. ಇದನ್ನೆಲ್ಲ ಒಂದು ಸಲ ಅತ್ತೆಗೂ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು “ಇರಬಹುದು, ಆದ್ರೆ ಕಬ್ಬಿನ ಗದ್ದೆಯೂ ಇತ್ತು” ಅಂದರು.