ಅಪ್ಪನ ತಿಥಿ ಮತ್ತು ಮಾವನ ಅರ್ಧ ಶ್ಲೋಕ

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿ ಕೆಲಸ. ನಾವಿಬ್ಬರೂ ಹೆಣ್ಣುಮಕ್ಕಳೇ. ಹತ್ತು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ದೊಡ್ಡಪ್ಪನ ಮಗ ಪುಣೆಯಿಂದ ಬಂದು ಕೊಳ್ಳಿ ಇಟ್ಟ, ಹದಿಮೂರು ದಿನ ಮುಗಿಸಿ ಹೋದ. ಆಗ ಮನೆಯಲ್ಲಿ ಗರುಡ ಪುರಾಣ ಓದಿಸಿದರು. ಅವತ್ತಿನಿಂದ ಅಮ್ಮನಿಗೆ ಒಂದೇ ಚಿಂತೆ. ‘ಅವರು ಇನ್ನೂ ದಾರೀಲಿ ಇದಾರೆ, ಹಸಿವಾಗಿರತ್ತೆ’ ಅಂತ ರಾತ್ರಿ ಎದ್ದು ಕೂರುತ್ತಾರೆ. ವರ್ಷದ ತಿಥಿಗೆ ಬರೋಕಾಗಲ್ಲ ಅಂತ ದೊಡ್ಡಪ್ಪನ ಮಗ ಹೇಳಿದ್ದಾನೆ. ನಾನೇ ಮಾಡ್ತೀನಿ ಅಂದೆ. ಸೋದರಮಾವ ಕೆರಳಿದರು. ‘ಅಪುತ್ರಸ್ಯ ಗತಿರ್ನಾಸ್ತಿ, ಮಗನಿಲ್ಲದವನಿಗೆ ಗತಿಯಿಲ್ಲ. ಶಾಸ್ತ್ರ ಒಪ್ಪೋದಾದ್ರೆ ಪೂರ್ತಿ ಒಪ್ಪು, ಇಲ್ದಿದ್ರೆ ದೇವರ ಮನೆಗೆ ಕಾಲಿಡಬೇಡ’ ಅಂದರು. ಸಿಟ್ಟು ಬಂತು. ‘ಸಮುದ್ರ ದಾಟಬಾರದು ಅಂತಲೂ ಶಾಸ್ತ್ರದಲ್ಲಿದೆ. ನಿಮ್ಮ ಮಗ ನ್ಯೂಜೆರ್ಸಿಯಲ್ಲಿದಾನಲ್ಲ ಮಾವ?’ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿಬಿಟ್ಟೆ. ಈಗ ಮಾತುಕತೆ ನಿಂತಿದೆ. ನಾನು ದೇವರನ್ನು ನಂಬುವವಳು, ದಿನಾ ದೀಪ ಹಚ್ಚುವವಳು. ಪ್ರಶ್ನೆ ಕೇಳಿದರೆ ನನ್ನ ನಂಬಿಕೆ ನಂಬಿಕೆಯೇ ಅಲ್ಲವಾ? (ಹೆಸರು ಬೇಡ)

ಉತ್ತರ: ನ್ಯೂಜೆರ್ಸಿ ಮಾತು ಓದಿ ಜೋರಾಗಿ ನಕ್ಕೆ, ಸುಳ್ಳು ಹೇಳುವುದಿಲ್ಲ. ನೀವು ಹೇಳಿದ್ದು ತಪ್ಪೂ ಅಲ್ಲ. ಸಮುದ್ರಯಾನದ ನಿಷೇಧ ಹಳೆಯ ಧರ್ಮಶಾಸ್ತ್ರಗಳಲ್ಲಿ ನಿಜವಾಗಿಯೂ ಇದೆ. ಉಡುಪಿಯಲ್ಲಿ 2008ರಲ್ಲಿ ಕೃಷ್ಣಪೂಜೆಯ ಸರದಿ, ಅಂದರೆ ಪರ್ಯಾಯ, ಪುತ್ತಿಗೆ ಮಠಕ್ಕೆ ಬಂದ ಹೊತ್ತಿಗೆ ಎಷ್ಟು ದೊಡ್ಡ ಜಗಳವಾಯಿತು ನೆನಪಿದೆಯಾ? ವಿದೇಶಕ್ಕೆ ಹೋಗಿಬಂದ ಯತಿ ಕೃಷ್ಣನ ವಿಗ್ರಹ ಮುಟ್ಟಬಹುದೇ ಅನ್ನುವುದೇ ವಾದ. ಅದೇ ಸ್ವಾಮೀಜಿ 2024ರಲ್ಲಿ ಮತ್ತೆ ಪರ್ಯಾಯ ಪೀಠ ಏರಿದರು. ಶಾಸ್ತ್ರದ ವಿಷಯ ನಮ್ಮಲ್ಲಿ ಹೀಗೇ. ವಾದ ನಡೆಯುತ್ತಿರುತ್ತದೆ, ಪೂಜೆಯೂ ನಡೆಯುತ್ತಿರುತ್ತದೆ.

ಆದರೆ ನಿಮ್ಮ ಮೆಸೇಜಿನಿಂದ ಅಮ್ಮನಿಗೆ ನಿದ್ದೆ ಬರಲಿಲ್ಲ, ಅಲ್ವಾ? ಮಾವ ಒಂದು ಸಾಲು ಕಿತ್ತು ಎಸೆದರು, ನೀವು ಇನ್ನೊಂದು ಸಾಲು ಕಿತ್ತು ಎಸೆದಿರಿ. ಪುಸ್ತಕ ಮಾತ್ರ ಇಬ್ಬರೂ ತೆರೆದು ನೋಡಿದ ಹಾಗೆ ಕಾಣುವುದಿಲ್ಲ.

ನನಗೂ ಈ ಪುಸ್ತಕದ ಭಯ ಗೊತ್ತು. ಅಜ್ಜಿ ಹೋದಾಗ ನನಗೆ ಒಂಬತ್ತು ವರ್ಷ. ನಡುಮನೆಯಲ್ಲಿ ಗರುಡ ಪುರಾಣ ಓದುತ್ತಿದ್ದರು. ಕಾದ ಎಣ್ಣೆಯ ಕೊಪ್ಪರಿಗೆ, ವೈತರಣಿ ನದಿಯ ಕೀವು, ರಕ್ತ. ಆಮೇಲೆ ಎಷ್ಟೋ ದಿನ ಹಪ್ಪಳ ಕರಿಯುವ ಸದ್ದು ಕೇಳಿದರೆ ಹಿತ್ತಿಲಿಗೆ ಓಡುತ್ತಿದ್ದೆ. ಸಾವಿನ ಮನೆಯಲ್ಲಿ ಮಾತ್ರ ಓದಬೇಕು, ಉಳಿದ ದಿನ ಮನೆಯಲ್ಲಿ ಇಟ್ಟುಕೊಳ್ಳಲೂಬಾರದು ಅನ್ನುತ್ತಾರೆ. ಹಾಗಾಗಿ ಓದಿದವರು ಕಮ್ಮಿ, ಹೇಳುವವರು ಜಾಸ್ತಿ. ನಾನು ಪೂರ್ತಿ ಓದಿದ್ದು ಐವತ್ತು ದಾಟಿದ ಮೇಲೆ. ನಾನು ಪಂಡಿತಳಲ್ಲ, ಅನುವಾದ ಮುಂದಿಟ್ಟುಕೊಂಡು ಓದಿದವಳು.

ಗರುಡ ಪುರಾಣದ ‘ಸಾರೋದ್ಧಾರ’ ಅಂತ 16 ಅಧ್ಯಾಯಗಳ ಚಿಕ್ಕ ಪುಸ್ತಕ ಸಿಗುತ್ತದೆ. ಅದರ ಏಳನೇ ಅಧ್ಯಾಯದಲ್ಲಿ ಬಭ್ರುವಾಹನ ಅನ್ನುವ ರಾಜನ ಕತೆ ಬರುತ್ತದೆ. ಬೇಟೆಗೆ ಹೋಗಿ ದಾರಿ ತಪ್ಪಿ, ಸುಸ್ತಾಗಿ ಒಂದು ಮರದ ಕೆಳಗೆ ದಣಿವಾರಿಸಿಕೊಳ್ಳುತ್ತಾನೆ. ಅಲ್ಲಿಗೆ ಒಂದು ಪ್ರೇತ ಬರುತ್ತದೆ. ತನ್ನ ಕತೆ ಹೇಳಿಕೊಳ್ಳುತ್ತದೆ. ‘ನಾನು ಸುದೇವ, ವೈದಿಶ ಪಟ್ಟಣದ ವೈಶ್ಯ. ದಾನ ಧರ್ಮ ಬೇಕಾದಷ್ಟು ಮಾಡಿದೆ. ಆದರೆ ನನಗೆ ಮಕ್ಕಳಿಲ್ಲ, ನೆಂಟರಿಲ್ಲ, ಸ್ನೇಹಿತರಿಲ್ಲ. ಕ್ರಿಯೆ ಮಾಡುವವರಿಲ್ಲದೆ ಹೀಗಾದೆ’ ಅನ್ನುತ್ತದೆ. ರಾಜ ಊರಿಗೆ ಹೋಗಿ ಅವನ ಹೆಸರಿನಲ್ಲಿ ಎಲ್ಲಾ ಕ್ರಿಯೆ ಮಾಡಿಸುತ್ತಾನೆ. ಪ್ರೇತಕ್ಕೆ ಬಿಡುಗಡೆ ಸಿಗುತ್ತದೆ.

ಸುದೇವನಿಗೆ ರಾಜ ಏನಾಗಬೇಕು? ಏನೂ ಅಲ್ಲ. ಜಾತಿ ಬೇರೆ, ಊರು ಬೇರೆ, ಮುಖ ಪರಿಚಯವೂ ಇಲ್ಲ. ಮಗನಿಲ್ಲದವನಿಗೆ ದಾರಿಹೋಕನೊಬ್ಬ ಗತಿ ಕಾಣಿಸಿದ ಕತೆಯನ್ನು ಗರುಡ ಪುರಾಣವೇ ಇಟ್ಟುಕೊಂಡಿದೆ. ಅಲ್ಲಿಂದ ಮುಂದೆ, ಮಗ ಇಲ್ಲದಿದ್ದರೆ ಹೆಂಡತಿ, ಅವಳೂ ಇಲ್ಲದಿದ್ದರೆ ಒಡಹುಟ್ಟಿದವನು, ಶಿಷ್ಯ, ಸಪಿಂಡ (ಹತ್ತಿರದ ದಾಯಾದಿ) ಅಂತ ಕ್ರಿಯೆ ಮಾಡಬಹುದಾದವರ ಪಟ್ಟಿಯೂ ಇದೆ. ನಿಜ, ಆ ಪಟ್ಟಿಯಲ್ಲಿ ಮಗಳ ಹೆಸರು ಎದ್ದು ಕಾಣುವುದಿಲ್ಲ. ಮುಚ್ಚಿಡುವುದಿಲ್ಲ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ‘ಪುತ್ರೇಣ ದುಹಿತಾ ಸಮಾ’, ಮಗಳು ಮಗನಿಗೆ ಸಮ, ಅನ್ನುವ ಮಾತಿದೆ. ಆದರೆ ಅದು ಬರುವುದು ಆಸ್ತಿಯ ಲೆಕ್ಕದಲ್ಲಿ. ಇದನ್ನೂ ಗ್ರೂಪಿಗೆ ಹಾಕಬೇಡಿ, ಇನ್ನೊಂದು ಸಾಲು ಕಿತ್ತ ಹಾಗಾಗುತ್ತದೆ. ದಾರಿಹೋಕ ರಾಜನಿಗೆ ಸಿಕ್ಕ ಅಧಿಕಾರ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಯಾಕಿಲ್ಲ ಅಂತ ಮಾವನನ್ನು ನೀವು ಧಾರಾಳವಾಗಿ ಕೇಳಬಹುದು. ಅದು ಅವರದೇ ಪುಸ್ತಕದ ಒಳಗಿನಿಂದ ಬಂದ ಪ್ರಶ್ನೆ.

ಇನ್ನು ‘ಪೂರ್ತಿ ಒಪ್ಪು’ ಅನ್ನುವ ಮಾತು. ಅಕ್ಷರ ಅಕ್ಷರ ಒಪ್ಪುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ನೋಡಿ. ಯಮನ ಪಟ್ಟಣ 86,000 ಯೋಜನ ದೂರ ಅನ್ನುತ್ತದೆ ಪುರಾಣ. ಜೀವ ದಿನಕ್ಕೆ, ರಾತ್ರಿಯೂ ಸೇರಿ, 247 ಯೋಜನ ನಡೆಯುತ್ತದಂತೆ. ನೆಲದ ಲೆಕ್ಕ ಹಿಡಿದರೆ ಆ ದೂರ ಚಂದ್ರನನ್ನೂ ಎಷ್ಟೋ ದಾಟಿ ಹೋಗುತ್ತದೆ. ನಗುವವರು ಇಲ್ಲಿಗೇ ನಿಂತು ನಗುತ್ತಾರೆ. ನೀವು ಸ್ವಲ್ಪ ತಾಳಿ. ಒಂದನ್ನು ಇನ್ನೊಂದರಿಂದ ಭಾಗಿಸಿ. 348 ದಿನ ಚಿಲ್ಲರೆ ಬರುತ್ತದೆ. ನಮ್ಮ ಚಾಂದ್ರಮಾನ ವರ್ಷಕ್ಕೆ 354 ದಿನ. ಅಂದರೆ ನಡಿಗೆಯ ಅವಧಿಗೂ ಒಂದು ವರ್ಷಕ್ಕೂ ಆರೇ ದಿನದ ವ್ಯತ್ಯಾಸ. ಇದು ಸುಮ್ನೆ ಕೂಡಿಬಂದದ್ದು ಅಂತ ನನಗೆ ಅನ್ನಿಸುವುದಿಲ್ಲ. ಈ ಲೆಕ್ಕ ಅಳೆಯುತ್ತಿರುವುದು ದಾರಿಯನ್ನಲ್ಲ, ಉಳಿದವರ ದುಃಖವನ್ನು. ಒಂದು ವರ್ಷ ಹೋದವರನ್ನು ಬಿಟ್ಟುಕೊಡಬೇಡಿ, ತಿಂಗಳು ತಿಂಗಳು ಅನ್ನ ಇಡಿ, ಆಮೇಲೆ ಕಳಿಸಿಕೊಡಿ. ಹೀಗೆ ಓದಿದವಳು ನಾನು. ನನಗೆ ಆ ಪುಸ್ತಕದ ಮೇಲೆ ಗೌರವ ಹುಟ್ಟಿದ್ದೂ ಈ ಭಾಗಾಕಾರ ಮಾಡಿದ ದಿನವೇ. ಇದು ನನ್ನ ಓದು, ಬೇರೆಯವರು ಬೇರೆ ಓದಬಹುದು.

ಹೀಗೆ ಅಕ್ಷರಕ್ಕೆ ಜೋತುಬೀಳದೆ ಓದುವುದೇನೂ ಈಗಿನವರ ಚಾಳಿ ಅಲ್ಲ. ‘ಬೆಂಕಿ ತಣ್ಣಗಿದೆ ಅಂತ ನೂರು ವೇದವಾಕ್ಯಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ’ ಅನ್ನುವ ಅರ್ಥದ ಮಾತನ್ನು ಶಂಕರಾಚಾರ್ಯರೇ ಗೀತಾಭಾಷ್ಯದಲ್ಲಿ ಬರೆದಿದ್ದಾರೆ. ಮಧ್ವಾಚಾರ್ಯರು ಇನ್ನೂ ಮುಂದೆ ಹೋದರು. ಗ್ರಂಥಗಳಲ್ಲಿ ಕೆಲವು ಕಡೆ ಸೇರಿಸುತ್ತಾರೆ, ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಹಿಂದುಮುಂದು ಮಾಡುತ್ತಾರೆ ಅಂತ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ನೇರವಾಗಿ ಹೇಳಿದರು. ಇವರಲ್ಲಿ ಯಾರನ್ನು ನಿಮ್ಮ ಮಾವ ದೇವರ ಮನೆಯಿಂದ ಆಚೆ ಕಳಿಸುತ್ತಾರೆ?

ನನಗೆ ತುಂಬಾ ಇಷ್ಟವಾದದ್ದು ಮೀಮಾಂಸೆಯ, ಅಂದರೆ ವೇದದ ವಿಧಿಗಳ ಅರ್ಥ ಬಿಡಿಸುವ ಶಾಸ್ತ್ರದ, ಭಾಷ್ಯಕಾರ ಶಬರಸ್ವಾಮಿ. ಸೋಮಯಾಗದಲ್ಲಿ ಅತ್ತಿಮರದ ಒಂದು ಕಂಬ ನೆಡುತ್ತಾರೆ. ಅದನ್ನು ಮುಟ್ಟಿಕೊಂಡು ಹಾಡಬೇಕು ಅಂತ ವೇದ. ಕಂಬಕ್ಕೆ ಪೂರ್ತಿ ಬಟ್ಟೆ ಸುತ್ತಬೇಕು ಅಂತ ಸ್ಮೃತಿ. ಸುತ್ತಿಬಿಟ್ಟರೆ ಮುಟ್ಟುವುದು ಹೇಗೆ? ಶಬರ ಹೇಳುತ್ತಾನೆ: ಬಟ್ಟೆಯ ಆಸೆಗೆ ಯಾರೋ ಸುತ್ತಿದರು, ಅದೇ ಸ್ಮೃತಿಯ ಮೂಲವಾಯಿತು. ವೇದವನ್ನು ಪ್ರಾಣದಂತೆ ಕಾದ ಮನುಷ್ಯ ಹೇಳಿದ ಮಾತು ಇದು. ಯಾರಾದರೂ ಶಾಸ್ತ್ರದ ಒಂದು ಸಾಲು ಎತ್ತಿ ಹಿಡಿದಾಗ ನಾನು ಮೊದಲು ನೋಡುವುದು ಕಂಬವನ್ನಲ್ಲ. ಬಟ್ಟೆ ಯಾರ ಮನೆಗೆ ಹೋಗುತ್ತದೆ ಅಂತ.

ನಿಮ್ಮ ಮಾವನಿಗೆ ಬಟ್ಟೆಯ ಆಸೆ ಇದೆ ಅಂತ ನಾನು ಹೇಳುತ್ತಿಲ್ಲ. ಅವರಿಗಿರುವುದು ಬಹುಶಃ ಭಯ. ತಂಗಿಯ ಗಂಡ ಹೋದ, ತಾನು ಹಿರಿಯ, ಏನಾದರೂ ತಪ್ಪಿದರೆ ತನ್ನ ಮೇಲೆ ಬರುತ್ತದೆ ಅನ್ನುವ ಭಯ. ಅದಕ್ಕೇ ಅರ್ಧ ಶ್ಲೋಕ ಹಿಡಿದುಕೊಂಡು ನಿಂತಿದ್ದಾರೆ. ಮಗಳು ಕ್ರಿಯೆ ಮಾಡುವುದನ್ನು ಅವರು ಕಂಡೇ ಇಲ್ಲ ಅಂತಲೂ ಅಲ್ಲ. 2018ರಲ್ಲಿ ವಾಜಪೇಯಿಯವರ ಚಿತೆಗೆ ಬೆಂಕಿ ಇಟ್ಟದ್ದು ಅವರ ದತ್ತು ಮಗಳು. ಟಿವಿಯಲ್ಲಿ ದೇಶವೆಲ್ಲ ನೋಡಿತು.

ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ನೀವು ಪ್ರಶ್ನೆ ಕೇಳುತ್ತಿರುವುದು ತಿಥಿ ಬೇಡ ಅಂತಲ್ಲ, ತಿಥಿ ನಾನು ಮಾಡಬೇಕು ಅಂತ. ನಂಬಿಕೆ ಇಲ್ಲದವರು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಪುರೋಹಿತರ ಕೈಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಿಮ್ಮನ್ನು ಭಕ್ತೆ ಅಲ್ಲ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅಮ್ಮನ ಹತ್ತಿರ ಮಾತ್ರ ಈ ಶಂಕರ, ಶಬರ ಯಾರನ್ನೂ ಕರೆದುಕೊಂಡು ಹೋಗಬೇಡಿ. ‘ವೈತರಣಿ ಗಿತರಣಿ ಎಲ್ಲಾ ಇಲ್ಲಮ್ಮ’ ಅನ್ನಲೂಬೇಡಿ. ಅವರು ಕೇಳುತ್ತಿರುವುದು ಭೂಗೋಳವಲ್ಲ. ಎಷ್ಟೋ ವರ್ಷ ಹೊತ್ತುಹೊತ್ತಿಗೆ ತಟ್ಟೆ ಇಟ್ಟ ಕೈ ಅದು, ಈಗ ಯಾರಿಗೆ ಇಡಬೇಕು ಗೊತ್ತಾಗುತ್ತಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತು ಸುದೇವನ ಕತೆ ಓದಿ ಹೇಳಿ. ಅದೇ ಪುಸ್ತಕ, ಅದೇ ಭಾಷೆ. ಹೆದರಿಸಿದ ಪುಸ್ತಕವೇ ಸಮಾಧಾನವನ್ನೂ ಹೇಳಲಿ. ಹಾಗಿದ್ದೂ ನಿದ್ದೆ, ಊಟ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಹತ್ತು ತಿಂಗಳು ಸಣ್ಣ ಕಾಲವಲ್ಲ.

ತಿಥಿಗೆ ಇನ್ನು ಎರಡೇ ತಿಂಗಳಿದೆ, ಪುರೋಹಿತರನ್ನು ಈಗಲೇ ಹುಡುಕಿ. ಹೆಣ್ಣುಮಕ್ಕಳ ಕೈಯಲ್ಲಿ ಮಾಡಿಸುವವರು ಸಿಗುತ್ತಾರೆ. ಆದರೆ ಒಂದು ವಿಷಯ ಮೊದಲೇ ಬಿಡಿಸಿ ಕೇಳಿಕೊಳ್ಳಿ. ಕೆಲವರು ‘ಆಯ್ತಮ್ಮ’ ಅನ್ನುತ್ತಾರೆ, ಆ ದಿನ ನಿಮ್ಮ ಕೈಯಿಂದ ದರ್ಭೆ ಈಸಿಕೊಂಡು ಉಳಿದದ್ದೆಲ್ಲ ತಾವೇ ಮಾಡಿ ಮುಗಿಸುತ್ತಾರೆ. ಅದು ನಿಮಗೆ ಸಾಕಾದರೆ ಸರಿ. ಪಿಂಡ ನಾನೇ ಇಡಬೇಕು, ಸಂಕಲ್ಪ ನಾನೇ ಹೇಳಬೇಕು ಅಂತಿದ್ದರೆ ಈಗಲೇ ಹೇಳಿ. ಅಪ್ಪನ ತಿಥಿಯ ದಿನ ಎಲೆಯ ಮುಂದೆ ಜಗಳ ಬೇಡ.

ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಿ. ಮಾವನಿಗೆ ಫೋನ್ ಮಾಡಬೇಡಿ, ಮನೆಗೇ ಹೋಗಿ. ಕ್ಷಮೆ ಕೇಳುವುದು ನ್ಯೂಜೆರ್ಸಿ ಮಾತಿಗೆ ಮಾತ್ರ, ತಿಥಿ ಮಾಡುತ್ತೇನೆ ಅಂದದ್ದಕ್ಕಲ್ಲ. ‘ನಾನು ಮಾಡ್ತೀನಿ, ನೀವು ಪಕ್ಕದಲ್ಲಿ ಕೂತಿರಿ ಮಾವ’ ಅನ್ನಿ. ಬಂದರೂ ಬರಬಹುದು. ಬರದಿದ್ದರೂ ಅವರಿಗೆ ಒಂದು ಎಲೆ ಹಾಕಿಡಿ.