ಮೂರು ಸಲ ಬೇಡಿದ ಪೌಲ

ಪ್ರಶ್ನೆ: ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರತಿ ಸಲವೂ 4 ಗಂಟೆ. ವಾಸಿ ಮಾಡು ಅಂತ ಎರಡು ವರ್ಷದಿಂದ ಯೇಸುವನ್ನು ಬೇಡುತ್ತಿದ್ದೇನೆ. 'ನಿಮಗೆ ನಂಬಿಕೆ ಸಾಲದು' ಎನ್ನುತ್ತಾರೆ ನಮ್ಮ ಸಭೆಯವರೊಬ್ಬರು. ಈ ಕಾಯಿಲೆಗೆ ಏನಾದರೂ ಅರ್ಥ ಇದೆಯೇ?

ಉತ್ತರ: ಮೊದಲು ಅವರ ಮಾತನ್ನು ಪಕ್ಕಕ್ಕಿಡಿ. ಯೇಸುವಿನ ಸುವಾರ್ತೆ ಸಾರಿದ ಪೌಲನಿಗೂ ಶರೀರದಲ್ಲಿ ಒಂದು ಮುಳ್ಳಿತ್ತು, ಅಂದರೆ ಬಿಡದೆ ಕಾಡುವ ಒಂದು ಬಾಧೆ. ತೆಗೆದುಬಿಡು ಅಂತ ಮೂರು ಸಲ ಬೇಡಿದ. ಸಿಕ್ಕಿದ್ದು 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ (ಬೈಬಲ್, 2 ಕೊರಿಂಥ 12:9). ಮುಳ್ಳು ಹೋಯಿತು ಅಂತ ಅಲ್ಲಿ ಬರೆದಿಲ್ಲ. ಪೌಲನಿಗೆ ನಂಬಿಕೆ ಕಮ್ಮಿ ಇತ್ತು ಅನ್ನೋಕಾಗುತ್ತಾ?

ನಾನೂ ಬೆನ್ನುಮೂಳೆಯ ಕಾಯಿಲೆಯಿಂದ ಏಳು ತಿಂಗಳು ಮಲಗಿದ್ದವಳು. ಉದ್ದುದ್ದ ಪ್ರಾರ್ಥನೆ ಬಾಯಿಗೇ ಬರುತ್ತಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ 'ಕರ್ತನೇ' ಅಂತ ಒಂದೇ ಪದ, ಅದೂ ಹಲ್ಲು ಕಚ್ಚಿಕೊಂಡು. ಒಂದು ರಾತ್ರಿ ಪಕ್ಕದ ಹಾಸಿಗೆಯವರು ಕೆಮ್ಮಿ ಕೆಮ್ಮಿ ಸುಸ್ತಾದರು. ನನಗೇ ಗೊತ್ತಿಲ್ಲದೆ ಅವರಿಗಾಗಿ ಬೇಡಿಕೊಂಡೆ. ನನ್ನ ಪ್ರಾರ್ಥನೆ ತಿರುಗಿದ್ದು ಅಲ್ಲಿ. ಕಾಯಿಲೆ ಬಂದದ್ದೇ ಇದಕ್ಕೆ ಅಂತ ಮಾತ್ರ ಹೇಳಲಾರೆ. ಅಷ್ಟು ಧೈರ್ಯ ನನಗಿಲ್ಲ.

ಸಿಟ್ಟು ಬಂದರೆ ಅದನ್ನೂ ದೇವರಿಗೇ ಹೇಳಿ. ಬೈಬಲಿನ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ ಅಲ್ವಾ? ಡಯಾಲಿಸಿಸ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಮುಂದಿನ ಸಲ ಹೋದಾಗ ಪಕ್ಕದಲ್ಲಿರುವವರ ಹೆಸರು ಕೇಳಿಕೊಳ್ಳಿ.