ದಾಸವಾಳದ ಲೆಕ್ಕ ಮಾವಿಗೆ ಸಲ್ಲದು

ಕೈತೋಟ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತಾರಸಿಯ ಮೇಲೆ ಒಂದು ಕೆಂಪು ದಾಸವಾಳ, ಪಕ್ಕದ ಡ್ರಮ್ಮಿನಲ್ಲಿ ಐದು ವರ್ಷದ ಮಲ್ಲಿಕಾ ಕಸಿ ಮಾವು ಇದೆ. ಎರಡಕ್ಕೂ ದಿನಾ ನೀರು, ಹದಿನೈದು ದಿನಕ್ಕೊಮ್ಮೆ ಕಡಲೆ ಹಿಂಡಿ ನೆನೆಸಿದ ನೀರು. ದಸರೆ ಕಳೆದ ಮೇಲೆ ಎರಡನ್ನೂ ಸವರುತ್ತೇವೆ. ದಾಸವಾಳ ಪೂಜೆಗೆ ಸಾಕಾಗಿ ಮಿಗುವಷ್ಟು ಹೂ ಕೊಡುತ್ತದೆ. ಮಾವು ಸೊಂಪಾಗಿ ಚಿಗುರುತ್ತದೆ, ಹೂವೇ ಇಲ್ಲ. ಏಕೆ?
— ಓದುಗರು, ಮೈಸೂರು

ಉತ್ತರ: ಎರಡಕ್ಕೂ ಒಂದೇ ಆರೈಕೆ ಮಾಡಿದ್ದೇ ತೊಂದರೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಕಡ್ಡಿ ಉದ್ದವಾದಂತೆಲ್ಲ ಎಲೆ ಬುಡದಲ್ಲಿ ಮೊಗ್ಗು ಮೂಡುತ್ತಾ ಹೋಗುತ್ತದೆ. ಹಾಗಾಗಿ ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ. ಮಾವಿನ ಹೂಗೊಂಚಲು ಹೊರಡುವುದು ಬಲಿತ ಕಡ್ಡಿಯ ತುದಿಯಲ್ಲಿ. ಮಳೆಗಾಲದಲ್ಲಿ ಬಂದ ತಾಮ್ರಬಣ್ಣದ ಚಿಗುರು ಹಸಿರಾಗಿ, ಕಡುಹಸಿರಾಗಿ, ಬಾಗಿಸಿದರೆ ಬಳುಕದೆ ಪಟ್ಟನೆ ಮುರಿಯುವಂತಾಗಲು ನಾಲ್ಕೈದು ತಿಂಗಳು ಬೇಕು. ಆಮೇಲೆ ಡಿಸೆಂಬರ್‌ನ ತಂಪು ರಾತ್ರಿ ಮತ್ತು ಒಣ ಮಣ್ಣು ಸಿಕ್ಕರೆ ಆ ತುದಿಮೊಗ್ಗು ಹೂವಾಗುತ್ತದೆ, ಇಲ್ಲದಿದ್ದರೆ ಮತ್ತೆ ಎಲೆಯಾಗುತ್ತದೆ. ದಸರೆ ಕಳೆದ ಮೇಲೆ ಕತ್ತರಿ ಹಾಕಿದಿರಿ ಎಂದರೆ ಜನವರಿಯ ಹೂವನ್ನು ಅಕ್ಟೋಬರ್‌ನಲ್ಲೇ ಕತ್ತರಿಸಿ ಎಸೆದಂತೆ. ಕತ್ತರಿಸಿದ ಜಾಗದಲ್ಲಿ ಬಂದ ಎಳೆಚಿಗುರು ಆ ವರ್ಷ ಹೂ ಬಿಡುವ ವಯಸ್ಸಿಗೆ ಬರುವುದೇ ಇಲ್ಲ. ಅದರ ಮೇಲೆ ಹಿಂಡಿ ನೀರಿನ ಸಾರಜನಕ, ದಿನಾ ನೀರು. ಗಿಡ ಎಲೆಯನ್ನಲ್ಲದೆ ಇನ್ನೇನು ಬಿಟ್ಟೀತು?

ಮಾವಿಗೆ ಹೀಗೆ ಮಾಡಿ. ಸವರುವುದು ಕೊಯ್ಲು ಮುಗಿದ ಕೂಡಲೇ. ಮಲ್ಲಿಕಾ ತಡವಾಗಿ ಹಣ್ಣಾಗುವ ತಳಿಯಾದ್ದರಿಂದ ಜುಲೈ. ನಿಮ್ಮ ಗಿಡದಲ್ಲಿ ಕಾಯಿಯೇ ಇಲ್ಲವಲ್ಲ, ಜೂನ್ ಕೊನೆಗೇ ಮಾಡಬಹುದು. ಆಗಸ್ಟ್ ದಾಟಿದರೆ ಆ ವರ್ಷ ಮುಟ್ಟಬೇಡಿ. ಒಣಕಲು, ಒಂದಕ್ಕೊಂದು ಉಜ್ಜುವ ಮತ್ತು ಒಳಮುಖ ಬೆಳೆದ ಕಡ್ಡಿ ತೆಗೆದು, ಉದ್ದದವನ್ನು ಒಂದು ಗೇಣು ಮೊಟಕುಗೊಳಿಸಿದರೆ ಸಾಕು. ಸವರಿದ ವಾರದಲ್ಲಿ ಡ್ರಮ್ಮಿಗೆ ನಾಲ್ಕೈದು ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ. ಹಿಂಡಿ ನೀರು ಸೆಪ್ಟೆಂಬರ್‌ಗೆ ನಿಲ್ಲಲಿ. ಅಕ್ಟೋಬರ್ ಕೊನೆಯಿಂದ ನೀರು ಬಿಗಿ ಮಾಡಿ. ನೆಲದ ಮರಕ್ಕಾದರೆ ಪೂರ್ತಿ ನಿಲ್ಲಿಸಬಹುದು, ಡ್ರಮ್ಮಿನದು ಹಾಗೆ ಬಿಟ್ಟರೆ ಒಣಗಿಹೋಗುತ್ತದೆ. ಮಧ್ಯಾಹ್ನ ಎಲೆ ಕೊಂಚ ಜೋಲುವುದನ್ನು ಕಂಡಾಗ, ಐದಾರು ದಿನಕ್ಕೊಮ್ಮೆ, ಎರಡು ಮೂರು ಲೀಟರ್ ಮಾತ್ರ. ಹೂ ಉದುರಿ ಹೀಚು ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರನ್ನು ಮೊದಲಿನ ಪ್ರಮಾಣಕ್ಕೆ ನಿಧಾನವಾಗಿ ಏರಿಸಿ.

ದಾಸವಾಳಕ್ಕೆ ನೀವು ಮಾಡುತ್ತಿರುವುದೇ ಸರಿ. ನೂರು ಗ್ರಾಂ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಅಷ್ಟೇ ನೀರು ಬೆರೆಸಿ ಹಾಕಿ. ವರ್ಷಕ್ಕೊಮ್ಮೆ ಗಿಡದ ಮೂರನೇ ಒಂದು ಭಾಗ ಸವರಿ.

ಇನ್ನೊಂದು ಮಾತು: ಕಸಿಗಂಟಿನ ಕೆಳಗಿನಿಂದ ಕೊಂಬೆ ಎದ್ದಿದೆಯೇ ನೋಡಿ. ಸೊಂಪಾಗಿ ಚಿಗುರುತ್ತಿರುವುದು ಮಲ್ಲಿಕಾ ಅಲ್ಲ, ಬೇರುಗಿಡದ ಕಾಡುಮಾವೂ ಇರಬಹುದು. ಹಾಗಿದ್ದರೆ ಆ ಕೊಂಬೆಯನ್ನು ಬುಡಕ್ಕೇ ಕತ್ತರಿಸಿ. ಹೂ ಬರಿಸಲೆಂದು ತೋಟದವರು ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯುಟ್ರಜಾಲ್ ಡ್ರಮ್ಮಿನ ಗಿಡಕ್ಕೆ ಬೇಡವೇ ಬೇಡ. ಅದು ಮಣ್ಣಿನಲ್ಲಿ ಬಹುಕಾಲ ಉಳಿದು ಎಳೆಗಿಡವನ್ನು ಕುಬ್ಜವಾಗಿಸಿಬಿಡುತ್ತದೆ. ಹೊಸದಾಗಿ ಡ್ರಮ್ಮಿಗೆ ಹಾಕುವವರಿಗೆ ನಮ್ಮ ಆಯ್ಕೆ ಆಮ್ರಪಾಲಿ. ಮಲ್ಲಿಕಾ ನೀಲಂ ತಾಯಿ, ದಶೇರಿ ತಂದೆಯ ಮಿಶ್ರತಳಿ. ಆಮ್ರಪಾಲಿಗೆ ದಶೇರಿ ತಾಯಿ, ನೀಲಂ ತಂದೆ. ಎರಡೂ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವು. ಆದರೆ ಗಿಡ್ಡವಾಗಿ ಉಳಿದು ವರ್ಷವರ್ಷವೂ ಕಾಯಿ ಬಿಡುವ ಗುಣ ಆಮ್ರಪಾಲಿಯಲ್ಲಿ ಹೆಚ್ಚು.

ಪ್ರಶ್ನೆ: ದಾಸವಾಳದ ಕಡ್ಡಿ ಚುಚ್ಚಿದರೆ ಹತ್ತಿಕೊಳ್ಳುತ್ತದೆ. ಅಜ್ಜನ ಕಾಲದ ಬಾದಾಮಿ ಮಾವಿನ ಮರ ಮುದಿಯಾಗಿದೆ. ಅದರ ಕಡ್ಡಿಯನ್ನೂ ಹಾಗೇ ನೆಡಬಹುದೇ? ಇಲ್ಲವೆಂದರೆ ವಾಟೆ ಹಾಕಿದರೆ ಅದೇ ಹಣ್ಣು ಬರುತ್ತದೆಯೇ?
— ಓದುಗರು, ರಾಮನಗರ

ಉತ್ತರ: ಎರಡೂ ಆಗದು. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ದಾಸವಾಳದ ಕಡ್ಡಿ ಮಳೆಗಾಲದಲ್ಲಿ ನಾಲ್ಕರಿಂದ ಆರು ವಾರಕ್ಕೆ ಬೇರು ಬಿಡುತ್ತದೆ. ಮಾವಿನ ಕಡ್ಡಿ ಬೇರೊಡೆಯುವುದು ತೀರಾ ಕಷ್ಟ. ಬಾದಾಮಿಯ ವಾಟೆಯಲ್ಲಿ ಇರುವುದು ಪರಾಗಸ್ಪರ್ಶದಿಂದ ಹುಟ್ಟಿದ ಒಂದೇ ಭ್ರೂಣ. ತಂದೆ ಯಾವ ಮರವೋ ಏನೋ, ಹಣ್ಣು ತಾಯಿಯಂತಿರುವ ಭರವಸೆಯಿಲ್ಲ. ಒಲೂರ್, ಬಪ್ಪಕಾಯಿಯಂಥ ಕರಾವಳಿ ತಳಿಗಳ ವಾಟೆಯಿಂದ ಮಾತ್ರ ನಾಲ್ಕಾರು ಸಸಿ ಎದ್ದು, ಹೆಚ್ಚಿನವು ತಾಯಿಯನ್ನೇ ಹೋಲುತ್ತವೆ.

ನಿಮಗಿರುವ ದಾರಿ ವಾಟೆ ಕಸಿ. ಜೂನ್‌ನಲ್ಲಿ ತಾಜಾ ವಾಟೆಗಳನ್ನು (ಯಾವ ನಾಟಿ ಮಾವಿನದಾದರೂ ಸರಿ) ಮರಳು ಬೆರೆಸಿದ ಮಣ್ಣಿನಲ್ಲಿ ಹೂಳಿ. ತಿಂಗಳು ಕಳೆದರೆ ವಾಟೆ ಶಕ್ತಿ ಕಳೆದುಕೊಳ್ಳುತ್ತದೆ, ಕೂಡಿಡಬೇಡಿ. ಹಳೆಯ ಮರದಲ್ಲಿ ಮೂರು ನಾಲ್ಕು ತಿಂಗಳ ತುದಿಕಡ್ಡಿ ಗುರುತಿಸಿ, ಎಲೆ ತೊಟ್ಟಿನ ತುಂಡು ಉಳಿಯುವಂತೆ ಎಲೆ ಕತ್ತರಿಸಿ. ಎಂಟು ಹತ್ತು ದಿನಕ್ಕೆ ತೊಟ್ಟು ತಾನೇ ಉದುರಿ ತುದಿಮೊಗ್ಗು ಉಬ್ಬುತ್ತದೆ. ಅಷ್ಟರಲ್ಲಿ ಮೊಳೆತು ಎಂಟರಿಂದ ಹದಿನೈದು ದಿನವಾದ, ಎಲೆ ಇನ್ನೂ ತಾಮ್ರಬಣ್ಣದಲ್ಲಿರುವ ಸಸಿ ಆರಿಸಿ, ವಾಟೆಯಿಂದ ನಾಲ್ಕು ಬೆರಳು ಮೇಲೆ ತಲೆ ಕತ್ತರಿಸಿ, ಸುಮಾರು 4 ಸೆಂ.ಮೀ. ಸೀಳಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದ ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಐಸ್‌ಕ್ಯಾಂಡಿ ಕವರ್ ಮುಚ್ಚಿ ನೆರಳಲ್ಲಿಡಿ. ಕಡ್ಡಿ ಸಸಿಗಿಂತ ದಪ್ಪವಾದರೆ ಸಿಪ್ಪೆಗೆ ಸಿಪ್ಪೆ ಕೂಡುವುದಿಲ್ಲ. ಕಸಿ ಸೋಲುವುದು ಹೆಚ್ಚಾಗಿ ಇಲ್ಲೇ. ಎಲ್ಲವೂ ಹತ್ತುವುದಿಲ್ಲ, ಹತ್ತಾದರೂ ಕಟ್ಟಿ.

ಪ್ರಶ್ನೆ: ದಾಸವಾಳದ ತುದಿಯಲ್ಲಿ ಬಿಳಿ ಹಿಟ್ಟಿನಂಥ ಹುಳು. ಈಗ ಪಕ್ಕದ ಪಪ್ಪಾಯಕ್ಕೂ ಬಂದಿದೆ. ಅದೇ ಹುಳುವೇ?
— ಓದುಗರು, ಚಾಮರಾಜನಗರ

ಉತ್ತರ: ಹೆಚ್ಚಿನ ಪಕ್ಷ ಅದೇ. ಹಿಟ್ಟುತಿಗಣೆಗೆ ಹೂಗಿಡ, ಹಣ್ಣಿನ ಗಿಡ ಎಂಬ ಭೇದವಿಲ್ಲ. ಪಪ್ಪಾಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು, ಪಪ್ಪಾಯ, ಹಿಪ್ಪುನೇರಳೆ, ದಾಸವಾಳಗಳನ್ನು ಒಟ್ಟಿಗೇ ಹಿಡಿಯಿತು. ಔಷಧಿಗೆ ಬಗ್ಗದ ಅದನ್ನು ಬಗ್ಗಿಸಿದ್ದು 2010ರಲ್ಲಿ ಪೋರ್ಟೊರಿಕೋದಿಂದ ಬೆಂಗಳೂರಿನ ಕೀಟ ಸಂಶೋಧನಾ ಕೇಂದ್ರಕ್ಕೆ ತರಿಸಿದ ಅಸೆರೋಫೇಗಸ್ ಪಪಾಯೆ ಎಂಬ, ಒಂದು ಮಿಲಿಮೀಟರಿಗೂ ಕಿರಿದಾದ, ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರತಂತ್ರ ಕಣಜ.

ಹಾಗಾಗಿ ಮೊದಲು ಭೂತಗನ್ನಡಿ ಹಿಡಿಯಿರಿ. ಹಿಟ್ಟಿನ ನಡುವೆ ಕಂದುಬಣ್ಣಕ್ಕೆ ಉಬ್ಬಿ, ದುಂಡಗೆ ತೂತಾದ ಹುಳುಗಳಿದ್ದರೆ ಕಣಜ ಕೆಲಸದಲ್ಲಿದೆ, ಏನೂ ಸಿಂಪಡಿಸಬೇಡಿ. ಇಲ್ಲದಿದ್ದರೆ ದಾಸವಾಳದ ಮುದುಡಿದ ತುದಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ, ಪೈಪಿನ ನೀರನ್ನು ಜೋರಾಗಿ ಹಾಯಿಸಿ, ಸಂಜೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕಲಸಿ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಪಪ್ಪಾಯದ ಎಲೆ ಸೂಕ್ಷ್ಮ, ಒಂದೆರಡು ಎಲೆಗೆ ಹಾಕಿ ಎರಡು ದಿನ ಕಾದು ಮುಂದುವರಿಯಿರಿ. ಇರುವೆ ಸಾಲು ತಪ್ಪಿಸದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊರುವುದೂ, ಅದರ ಶತ್ರುಗಳನ್ನು ಓಡಿಸುವುದೂ ಇರುವೆಗಳೇ.

ಪ್ರಶ್ನೆ: ಏಪ್ರಿಲ್‌ನಲ್ಲಿ ದಾಸವಾಳದ ಮೊಗ್ಗು, ಮಾವಿನ ಹೀಚು ಎರಡೂ ಉದುರುತ್ತವೆ.
— ಓದುಗರು, ಕಲಬುರಗಿ

ಉತ್ತರ: ಇಲ್ಲಿ ಎರಡಕ್ಕೂ ಕಾರಣ ಬಹುಪಾಲು ಒಂದೇ: ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವುದು. ಬೆಳಿಗ್ಗೆಯೇ ನೀರು ಹಾಕಿ, ಬುಡಕ್ಕೆ ಮೂರು ಬೆರಳು ದಪ್ಪ ಒಣಎಲೆ ಹೊದಿಸಿ. ಉದುರಿದ ದಾಸವಾಳದ ಮೊಗ್ಗನ್ನು ಬಿಳಿ ಕಾಗದದ ಮೇಲೆ ಬಿಡಿಸಿ ಕೊಡವಿ. ಸಣ್ಣ ಗೆರೆಯಂಥ ಹುಳುಗಳು ಓಡಾಡಿದರೆ ಥ್ರಿಪ್ಸ್, ಮೇಲಿನ ಬೇವಿನೆಣ್ಣೆಯೇ ಸಾಕು. ಮಾವಿನಲ್ಲಿ ಒಂದಷ್ಟು ಉದುರುವುದು ಸಹಜ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ ಇದ್ದರೂ ಹೆಚ್ಚಿನವು ಗಂಡುಹೂ, ಹಣ್ಣಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಗೊಂಚಲು ಬಿಳಿಬೂದಿ ಬಳಿದಂತಾಗಿ ಒಣಗಿದ್ದರೆ ಅದು ಬೂದಿ ರೋಗ. ಬರುವ ವರ್ಷ ಗೊಂಚಲು ಹೊರಡುತ್ತಿದ್ದಂತೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಿ, ಬಿಸಿಲೇರುವ ಮುನ್ನ. ಹೂ ಅರಳಿದಾಗ ಕೀಟನಾಶಕ ಬೇಡ, ಮಾವಿಗೆ ಪರಾಗ ಹೊರುವವು ಹೆಚ್ಚಾಗಿ ನೊಣಗಳು.

ಪ್ರಶ್ನೆ: ಇಷ್ಟು ಹೂ ಬಿಡುವ ದಾಸವಾಳ ಕಾಯಿ ಏಕೆ ಕಟ್ಟುವುದಿಲ್ಲ?
— ಓದುಗರು, ಕುಂದಾಪುರ

ಉತ್ತರ: ತಲೆತಲಾಂತರದಿಂದ ಕಡ್ಡಿಯಿಂದಲೇ ಬೆಳೆಸಿದ ಗಿಡ ಅದು. ವರ್ಣತಂತುಗಳ ಜೋಡಿ ಸರಿಹೊಂದದೆ ಪರಾಗ ಹೆಚ್ಚಾಗಿ ಬಂಜೆ. ಮುದ್ದೆ ದಾಸವಾಳದಲ್ಲಂತೂ ಕೇಸರಗಳೇ ಎಸಳಾಗಿಬಿಟ್ಟಿವೆ. ಕಾಯಿ ಬೆಳೆಸುವ ಖರ್ಚಿಲ್ಲದೆ ಅದು ವರ್ಷವಿಡೀ ಹೂ ಬಿಡುತ್ತದೆ. ಮಾವಾದರೋ ಒಂದು ವರ್ಷ ಮೈತುಂಬ ಕಾಯಿ ಹೊತ್ತರೆ ಮರುವರ್ಷ ಸುಮ್ಮನೆ ಕೂರುತ್ತದೆ. ಬಾದಾಮಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು.